ಉಳಿಸಿದ್ದೆಲ್ಲ ಸಿಗುವುದಿಲ್ಲ: ಕ್ಷ-ಕಿರಣ ಚಿತ್ರಗಳ ಡಿಜಿಟಲ್ ಭಂಡಾರ - ಒಂದು ವಿಮರ್ಶೆ

ಮಲೆಮಹದೇಶ್ವರ ಬೆಟ್ಟದಿಂದ ಇಳಿದು ಹೊಗೆನಕಲ್ಲಿನತ್ತ ಹೋಗುವ ಕಾಡುದಾರಿಯಲ್ಲಿ ಗೋಪಿನಾಥಂ ಎಂಬ ಊರಿದೆ. ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಹನೂರು ತಾಲ್ಲೂಕಿನಲ್ಲಿದೆ. ಪತ್ರಿಕೆ ಓದುವವರಿಗೆ ಅದು ವೀರಪ್ಪನ್ ಹುಟ್ಟಿದ ಊರೆಂದು ಗೊತ್ತು. ಆದರೆ ಅಲ್ಲಿಯ ಜನರಿಗೆ ಅದು ಆಸ್ಪತ್ರೆಯಿಂದ ಬಹುದೂರದ ಊರು. ಎದೆನೋವು, ಬಿಡದ ಕೆಮ್ಮು ಎಂದು ಎಕ್ಸ್-ರೇ ತೆಗೆಸಬೇಕಾದವರು ಒಂದು ಕಡೆ ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬಹುದು. ಇನ್ನೊಂದು ಕಡೆ ಗಡಿ ದಾಟಿ ತಮಿಳುನಾಡಿನ ಮೆಟ್ಟೂರು, ಸೇಲಂಗಳಿಗೂ ಹೋಗಬಹುದು. ಹೋದ ಕಡೆಯಲ್ಲೆಲ್ಲ ಒಂದೊಂದು ಚಿತ್ರ ತಯಾರಾಗುತ್ತದೆ. ಈ ಚಿತ್ರಗಳು ಒಂದನ್ನೊಂದು ಎಂದಾದರೂ ಸಂಧಿಸುತ್ತವೆಯೆ?

ಇಂದು ನಿಮ್ಮ ಮುಂದಿಡುವ ಪ್ರಶ್ನೆ ಇದೇ. ಫಿಲ್ಮಿನ ಕಾಲ ಬಹುಮಟ್ಟಿಗೆ ಮುಗಿದಿದೆ. ಕ್ಷ-ಕಿರಣ ಚಿತ್ರಗಳು ಅಂಕಿಗಳ ರೂಪದಲ್ಲಿ ಗಣಕ ಸೇರುತ್ತಿವೆ. ಲಕ್ಷಗಟ್ಟಲೆ ಚಿತ್ರಗಳನ್ನು ಕೂಡಿಟ್ಟರೆ ವೈದ್ಯಕೀಯ ಸಂಶೋಧನೆಗೆ ಚಿನ್ನದ ಗಣಿ ಸಿಕ್ಕಂತೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. ಆದರೆ ಕೂಡಿಡುವುದು ಬೇರೆ, ಬೇಕಾದಾಗ ಬೇಕಾದ್ದನ್ನು ನಂಬಿಕೆಗೆ ಅರ್ಹವಾದ ರೂಪದಲ್ಲಿ ಹೊರತೆಗೆಯುವುದು ಬೇರೆ. ನಮ್ಮ ಗಮನವೆಲ್ಲ ಮೊದಲನೆಯದರ ಮೇಲಿದೆ, ಎರಡನೆಯದು ಸೊರಗುತ್ತಿದೆ. ಇದು ಈ ಲೇಖನದ ವಾದ.

ಚಿತ್ರವೆಂದರೆ ಅಳತೆಗಳ ಪಟ್ಟಿ

ಭೌತವಿಜ್ಞಾನದ ವಿದ್ಯಾರ್ಥಿಗಳಾದ ನಿಮಗೆ ಕ್ಷೀಣನದ ನಿಯಮ ಗೊತ್ತಿದೆ. 60 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕ್ಷ-ಕಿರಣ ದಂಡವು ಸುಮಾರು 3.4 ಸೆಂ.ಮೀ. ದಪ್ಪದ ನೀರನ್ನು ಹಾದಾಗ ಅದರ ತೀವ್ರತೆ ಅರ್ಧಕ್ಕೆ ಇಳಿಯುತ್ತದೆ. ಮಾನವನ ಮೃದು ಅಂಗಾಂಶವೂ ಹೆಚ್ಚುಕಡಿಮೆ ನೀರಿನಂತೆಯೇ. ಎದೆಯ ಒಂದು ದಾರಿಯಲ್ಲಿ 17 ಸೆಂ.ಮೀ. ನೀರಿಗೆ ಸಮನಾದ ಅಂಗಾಂಶವಿದ್ದರೆ ಐದು ಬಾರಿ ಅರ್ಧವಾಗಿ 32ರಲ್ಲಿ ಒಂದು ಪಾಲು ಹೊರಬರುತ್ತದೆ. ಗಾಳಿ ತುಂಬಿದ ಶ್ವಾಸಕೋಶದ ಮೂಲಕ ಹೋಗುವ ಇನ್ನೊಂದು ದಾರಿಯಲ್ಲಿ 6.8 ಸೆಂ.ಮೀ.ಗೆ ಸಮನಾದಷ್ಟೇ ಇದ್ದರೆ ನಾಲ್ಕರಲ್ಲಿ ಒಂದು ಪಾಲು ಬರುತ್ತದೆ. ಅಂದರೆ ಒಂದೇ ಚಿತ್ರದ ಎರಡು ಸ್ಥಳಗಳ ನಡುವೆ ಎಂಟು ಪಟ್ಟು ವ್ಯತ್ಯಾಸ. ಮೂಳೆಯ ಹಿಂದೆ, ಹೃದಯದ ಹಿಂದೆ ಅಡಗಿದ ಸಣ್ಣ ನೆರಳು ಕಾಣಬೇಕಾದರೆ ಈ ದೊಡ್ಡ ವ್ಯಾಪ್ತಿಯೊಳಗಿನ ಅತಿ ಸಣ್ಣ ವ್ಯತ್ಯಾಸವೂ ದಾಖಲಾಗಬೇಕು.

ಆದ್ದರಿಂದಲೇ ವೈದ್ಯಕೀಯ ಸಂವೇದಕಗಳು ಪ್ರತಿ ಬಿಂದುವಿನ ಅಳತೆಯನ್ನು ಸಾಮಾನ್ಯವಾಗಿ 10ರಿಂದ 14 ಬಿಟ್‌ಗಳಲ್ಲಿ ಬರೆಯುತ್ತವೆ. 12 ಬಿಟ್ ಎಂದರೆ 4096 ಮೆಟ್ಟಿಲು. ನಿಮ್ಮ ಮೊಬೈಲ್ ಫೋನ್ ತೆಗೆಯುವ ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ 256 ಮೆಟ್ಟಿಲು ಮಾತ್ರ. ಮೊದಲನೆಯದನ್ನು ಎರಡನೆಯದಕ್ಕೆ ನೇರವಾಗಿ ಇಳಿಸಿದರೆ 16 ಬೇರೆ ಬೇರೆ ಅಳತೆಗಳು ಒಂದೇ ಆಗಿಬಿಡುತ್ತವೆ. ಒಮ್ಮೆ ಕಲೆಸಿದ ಮೇಲೆ ಯಾವ ತಂತ್ರಾಂಶವೂ ಅವನ್ನು ಮತ್ತೆ ಬೇರ್ಪಡಿಸಲಾರದು.

ಈಗ ಸೂಕ್ಷ್ಮತೆಯ ಲೆಕ್ಕ. ಎದೆಯ ಚಿತ್ರದ ಅಳತೆ 35 ಸೆಂ.ಮೀ. × 43 ಸೆಂ.ಮೀ. ಒಂದು ಪಿಕ್ಸೆಲ್ 0.14 ಮಿ.ಮೀ. ಎಂದು ಇಟ್ಟುಕೊಂಡರೆ ಒಟ್ಟು ಸುಮಾರು 77 ಲಕ್ಷ ಪಿಕ್ಸೆಲ್‌ಗಳು. ಒಂದಕ್ಕೆ ಎರಡು ಬೈಟ್‌ನಂತೆ ಸುಮಾರು 15 ಮೆಗಾಬೈಟ್. ದಿನಕ್ಕೆ ನೂರು ಚಿತ್ರ ತೆಗೆಯುವ ಆಸ್ಪತ್ರೆಯೊಂದು ವರ್ಷದ 300 ದಿನಗಳಲ್ಲಿ 450 ಗಿಗಾಬೈಟ್ ತುಂಬಿಸುತ್ತದೆ. ಮಾಹಿತಿ ನಷ್ಟವಾಗದಂತೆ ಒತ್ತಡಿಸಿದರೆ ಇದರ ಅರ್ಧವೂ ಬೇಕಾಗದೆ ಹೋಗಬಹುದು. ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಹಲವು ವರ್ಷಗಳ ಚಿತ್ರಗಳು ಹಿಡಿಸುತ್ತವೆ. ಆದ್ದರಿಂದ "ಜಾಗ ಸಾಲದು, ಚಿಕ್ಕದು ಮಾಡಿ ಇಡೋಣ" ಎಂಬ ವಾದಕ್ಕೆ ಈಗ ಆಧಾರವಿಲ್ಲ.

ಚಿಕ್ಕದು ಮಾಡಿದರೆ ಆಗುವ ನಷ್ಟವನ್ನು ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ನೋಡೋಣ. ಚಾಮರಾಜನಗರ ಜಿಲ್ಲೆ ಕರಿಕಲ್ಲಿನ ಕ್ವಾರಿಗಳಿಗೆ ಹೆಸರಾದದ್ದು. ಕಲ್ಲುಪುಡಿಯಲ್ಲಿ ಉಸಿರಾಡುವವರನ್ನು ಕಾಡುವ ರೋಗ ಸಿಲಿಕೋಸಿಸ್. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವರ್ಗೀಕರಣದ ಪ್ರಕಾರ ಶ್ವಾಸಕೋಶದಲ್ಲಿ ಕಾಣುವ ದುಂಡನೆಯ ಸಣ್ಣ ಚುಕ್ಕೆಗಳಲ್ಲಿ ಮೊದಲ ವರ್ಗದವು 1.5 ಮಿ.ಮೀ. ವ್ಯಾಸದವರೆಗಿನವು. 43 ಸೆಂ.ಮೀ. ಉದ್ದದ ಚಿತ್ರವನ್ನು 1024 ಪಿಕ್ಸೆಲ್‌ಗೆ ಇಳಿಸಿದರೆ ಒಂದು ಪಿಕ್ಸೆಲ್ 0.42 ಮಿ.ಮೀ. ಆಗುತ್ತದೆ, ಚುಕ್ಕೆಗೆ ಮೂರೂವರೆ ಪಿಕ್ಸೆಲ್ ಸಿಕ್ಕಿತು. 224 ಪಿಕ್ಸೆಲ್‌ಗೆ ಇಳಿಸಿದರೆ ಒಂದು ಪಿಕ್ಸೆಲ್ 1.9 ಮಿ.ಮೀ.; ಚುಕ್ಕೆ ಪಿಕ್ಸೆಲ್‌ನೊಳಗೇ ಮುಳುಗಿತು. 224 ಎಂಬುದು ಕಲ್ಪನೆಯ ಸಂಖ್ಯೆಯಲ್ಲ. ನ್ಯುಮೋನಿಯಾ ಗುರುತಿಸುವುದರಲ್ಲಿ ವಿಕಿರಣ ತಜ್ಞರನ್ನು ಮೀರಿಸಿತೆಂದು 2017ರಲ್ಲಿ ಸುದ್ದಿಯಾದ ಸ್ಟ್ಯಾನ್‌ಫರ್ಡ್‌ನ ಚೆಕ್ಸ್‌ನೆಟ್ ಜಾಲಕ್ಕೆ ಉಣಿಸಿದ ಚಿತ್ರಗಳ ಅಳತೆ ಅದೇ. ನ್ಯುಮೋನಿಯಾದಂತಹ ದೊಡ್ಡ ನೆರಳಿಗೆ ಅದು ಸಾಕಾಗಬಹುದು. ಆದರೆ ಅದೇ ಅಳತೆಯ ಚಿತ್ರಗಳನ್ನಷ್ಟೇ ಉಳಿಸಿಕೊಂಡ ಭಂಡಾರದಲ್ಲಿ ಕ್ವಾರಿ ಕಾರ್ಮಿಕನ ಆರಂಭದ ರೋಗವನ್ನು ಹುಡುಕುವುದು ವ್ಯರ್ಥ. ಒಂದು ಪ್ರಶ್ನೆಗೆಂದು ಕತ್ತರಿಸಿಟ್ಟ ದತ್ತಾಂಶ ಮುಂದಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಚಿತ್ರಕ್ಕೊಂದು ತಲೆಬರಹ

ಪುಸ್ತಕ ಭಂಡಾರದಲ್ಲಿ ಸೂಚಿಯಿಲ್ಲದೆ ಪುಸ್ತಕ ಹುಡುಕಲಾಗದು. ಚಿತ್ರ ಭಂಡಾರಕ್ಕೂ ಇದು ಅನ್ವಯಿಸುತ್ತದೆ. ಆರಂಭದಲ್ಲಿ ಪ್ರತಿಯೊಂದು ಕಂಪನಿಯ ಯಂತ್ರವೂ ತನ್ನದೇ ರೀತಿಯಲ್ಲಿ ಚಿತ್ರ ಬರೆಯುತ್ತಿತ್ತು. ಒಂದರದು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. 1983ರಲ್ಲಿ ಅಮೆರಿಕದ ವಿಕಿರಣ ವೈದ್ಯರ ಸಂಘಟನೆಯೂ ವಿದ್ಯುತ್ ಉಪಕರಣ ತಯಾರಕರ ಸಂಘವೂ ಸೇರಿ ಜಂಟಿ ಸಮಿತಿ ರಚಿಸಿದವು. 1985ರಲ್ಲಿ ಮೊದಲ ಮಾನಕ ಬಂತು. 1993ರಲ್ಲಿ ಅದು ಪೂರ್ಣ ರೂಪ ತಳೆದು ಡೈಕಾಮ್ ಎಂಬ ಹೆಸರು ಪಡೆಯಿತು. ಭಾರತ ಸರ್ಕಾರ 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳೂ ಚಿತ್ರಗಳಿಗೆ ಇದನ್ನೇ ಸೂಚಿಸಿವೆ.

ಡೈಕಾಮ್ ಕಡತದಲ್ಲಿ ಚಿತ್ರದ ಅಂಕಿಗಳ ಜೊತೆಗೇ ಒಂದು ತಲೆಬರಹವಿರುತ್ತದೆ. ಪ್ರತಿ ವಿವರಕ್ಕೂ ಸಂಖ್ಯೆಯಿದೆ. 0010,0020 ಎಂದರೆ ರೋಗಿಯ ಗುರುತು ಸಂಖ್ಯೆ. 0008,0020 ಪರೀಕ್ಷೆಯ ದಿನಾಂಕ. 0018,0060 ಕೊಳವೆಗೆ ಕೊಟ್ಟ ಕಿಲೋವೋಲ್ಟ್. 0028,0101 ಬಳಸಿದ ಬಿಟ್‌ಗಳು. 0018,1164 ಸಂವೇದಕದ ಮೇಲೆ ಪಿಕ್ಸೆಲ್‌ಗಳ ಅಂತರ. 0028,0004 ಎಂಬ ವಿವರ ದೊಡ್ಡ ಅಂಕಿಯನ್ನು ಬಿಳಿಯಾಗಿ ತೋರಿಸಬೇಕೊ ಕಪ್ಪಾಗಿ ತೋರಿಸಬೇಕೊ ಹೇಳುತ್ತದೆ. ಇದೊಂದು ಕಳೆದುಹೋದರೆ ಮೂಳೆ ಕಪ್ಪಾಗಿ ಶ್ವಾಸಕೋಶ ಬೆಳ್ಳಗಾಗಿ ಕಾಣುವ ಚಿತ್ರಗಳು ರಾಶಿಯೊಳಗೆ ಬೆರೆಯುತ್ತವೆ. ಮನುಷ್ಯನ ಕಣ್ಣು ಕೂಡಲೇ ಗುರುತಿಸುತ್ತದೆ, ಗಣಕಕ್ಕೆ ಹೇಳದೆ ತಿಳಿಯದು.

ಆದರೂ ತಲೆಬರಹ ಇದ್ದಮಾತ್ರಕ್ಕೆ ಹುಡುಕಾಟ ಸಲೀಸಾಗುವುದಿಲ್ಲ. ಬೆಟ್ಟದ ಸೀಮೆಯಲ್ಲಿ ಮಾದಪ್ಪನ ಹೆಸರಿಲ್ಲದ ಮನೆ ಅಪರೂಪ. ಮಾದೇಶ, ಮಾದೇವ, ಮಹದೇವ, ಮಹದೇವಸ್ವಾಮಿ, ಮಾದಪ್ಪ, ಮಾದಮ್ಮ! ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಕೊಳ್ಳೇಗಾಲದಲ್ಲಿ ಬರೆಯುವ ಕಾಗುಣಿತ ಬೇರೆ, ಮೆಟ್ಟೂರಿನಲ್ಲಿ ಬೇರೆ. ವಯಸ್ಸು ಕೇಳಿದರೆ ಐವತ್ತು, ಅರವತ್ತು ಎಂದು ದುಂಡು ಸಂಖ್ಯೆ. ಹೆಸರು ಮತ್ತು ವಯಸ್ಸನ್ನೇ ನಂಬಿ ಎರಡು ಆಸ್ಪತ್ರೆಗಳ ಚಿತ್ರಗಳನ್ನು ಜೋಡಿಸಿದರೆ ಎರಡು ರೀತಿಯ ತಪ್ಪು ಸಾಧ್ಯ: ಒಬ್ಬನೇ ಮನುಷ್ಯ ಮೂವರಾಗುವುದು, ಮೂವರು ಒಬ್ಬನಾಗುವುದು. ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ. ಒಬ್ಬನ ಹಳೆಯ ಸ್ವಚ್ಛ ಶ್ವಾಸಕೋಶದ ಪಕ್ಕದಲ್ಲಿ ಇನ್ನೊಬ್ಬನ ರೋಗಗ್ರಸ್ತ ಶ್ವಾಸಕೋಶವನ್ನಿಟ್ಟು "ಎರಡು ವರ್ಷದಲ್ಲಿ ಇಷ್ಟು ಹಾನಿ" ಎಂದು ಬರೆದರೆ ಆ ಸಂಶೋಧನೆಯ ಗತಿ ಏನು? 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ ಆರೋಗ್ಯ ಗುರುತು ಸಂಖ್ಯೆ ಕೊಡುವ ಮೂಲಕ ಈ ತೊಡಕನ್ನು ಬಿಡಿಸಲು ಹೊರಟಿದೆ. ರಾಜ್ಯದ ಗಡಿ ದಾಟಿದರೂ ಸಂಖ್ಯೆ ಬದಲಾಗದು ಎಂಬುದು ಅದರ ನಿಜವಾದ ಲಾಭ. ಆದರೆ ಆ ಸಂಖ್ಯೆ ಎಕ್ಸ್-ರೇ ಕೋಣೆಯ ಯಂತ್ರದ ತಲೆಬರಹದವರೆಗೂ ತಲಪಬೇಕು. ನೋಂದಣಿ ಮೇಜಿನಲ್ಲೇ ಉಳಿದರೆ ಪ್ರಯೋಜನವಿಲ್ಲ.

ತುಮಕೂರಿನ ಪಾಠ

ಚಿತ್ರ ಸಿಕ್ಕಿತು, ಯಾರದೆಂದೂ ತಿಳಿಯಿತು. ಅದರಲ್ಲಿ ಏನಿದೆ ಎಂಬುದನ್ನು ಯಾರು ಹೇಳಬೇಕು? ಸಂಶೋಧಕರು ಭಂಡಾರವನ್ನು ಕೇಳುವುದು "ಕ್ಷಯ ಇರುವ ಚಿತ್ರಗಳನ್ನು ಕೊಡು" ಎಂದು. ಪ್ರತಿ ಚಿತ್ರಕ್ಕೂ ಅಂಟಿಸಿದ ಹಣೆಪಟ್ಟಿ ಸರಿಯಾಗಿದ್ದರೆ ಮಾತ್ರ ಉತ್ತರ ಸರಿ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವಂತಹ ಇತಿಹಾಸವಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. ಸಂಸ್ಥೆಯ ತಂಡ 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ ನಡೆಸಿತು. ಅನಂತರ 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ಮತ್ತೆ ಮತ್ತೆ ಸಮೀಕ್ಷೆಗೆ ಒಳಪಡಿಸಿತು. ಐದು ವರ್ಷ ದಾಟಿದವರ ಎದೆಯ ಚಿತ್ರವನ್ನು 70 ಮಿ.ಮೀ. ಅಗಲದ ಸಣ್ಣ ಫಿಲ್ಮಿನಲ್ಲಿ ತೆಗೆಯಲಾಯಿತು. ಗಮನಿಸಬೇಕಾದ ಅಂಶವೆಂದರೆ ಒಂದೇ ಚಿತ್ರವನ್ನು ಇಬ್ಬರು ಪರಸ್ಪರ ಮಾತಾಡದೆ ಸ್ವತಂತ್ರವಾಗಿ ಓದುತ್ತಿದ್ದರು. ಇಬ್ಬರಲ್ಲಿ ಒಬ್ಬರಿಗೆ ಸಂಶಯ ಬಂದರೂ ಕಫ ಪರೀಕ್ಷೆ. ಏಕೆಂದರೆ ಒಂದು ಚಿತ್ರದ ಒಂದು ಓದು ಎಷ್ಟು ಅಸ್ಥಿರ ಎಂಬುದು ಅವರಿಗೆ ಗೊತ್ತಿತ್ತು. ಸಂಸ್ಥೆಯ ರಾಜ್ ನಾರಾಯಣ್ ಮತ್ತು ಸುಬ್ರಮಣಿಯನ್ ಅವರು 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಸಾಮೂಹಿಕ ರೇಡಿಯೋಗ್ರಫಿಯಲ್ಲಿ ಒಂಟಿ ಚಿತ್ರದ ಓದಿಗಿರುವ ಮಿತಿಗಳು.

ಅಮೆರಿಕದ ಒಂದು ಅನುಭವವೂ ಇದನ್ನೇ ಹೇಳುತ್ತದೆ. 1976-80ರ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯಲ್ಲಿ ತೆಗೆದ ಕತ್ತು ಮತ್ತು ಸೊಂಟದ ಬೆನ್ನೆಲುಬಿನ ಸುಮಾರು 17,000 ಫಿಲ್ಮುಗಳನ್ನು ಅಲ್ಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಡಿಜಿಟಲ್ ರೂಪಕ್ಕೆ ತಂದಿತು. ಚಿತ್ರಗಳ ಜೊತೆಗೆ ಬೆನ್ನುನೋವು, ವಯಸ್ಸು, ಕೆಲಸ ಮೊದಲಾದ ಸಮೀಕ್ಷೆಯ ಉತ್ತರಗಳನ್ನೂ ಹೊಂದಿಸಿ ಹುಡುಕಬಲ್ಲ ವ್ಯವಸ್ಥೆಯೊಂದನ್ನು ರೂಪಿಸಿತು. ಆದರೆ ಚಿತ್ರಗಳಲ್ಲಿ ಯಾವ ಲಕ್ಷಣಗಳನ್ನು ನೆಚ್ಚಿಕೊಳ್ಳಬಹುದು ಎಂದು ತಜ್ಞರನ್ನು ಕೂಡಿಸಿ ಕೇಳಿದಾಗ, ಪಟ್ಟಿಮಾಡಿದ ಹಲವು ಲಕ್ಷಣಗಳಲ್ಲಿ ಎಲ್ಲರೂ ಒಂದೇ ರೀತಿ ಓದಬಲ್ಲವು ಬೆರಳೆಣಿಕೆಯಷ್ಟು ಮಾತ್ರ ಉಳಿದವು: ಕಶೇರುಮಣಿಯ ಮುಂಭಾಗದ ಮೂಳೆಮುಳ್ಳು, ಮಣಿಗಳ ನಡುವಿನ ಅಂತರ ಕುಗ್ಗುವುದು, ಮಣಿ ಜಾರುವುದು. ಹಣೆಪಟ್ಟಿ ಅಂಟಿಸುವ ಮೊದಲು ಹಣೆಪಟ್ಟಿಯನ್ನೇ ಪರೀಕ್ಷಿಸಿದ ಈ ಎಚ್ಚರ ಮೆಚ್ಚತಕ್ಕದ್ದು.

ಅನಂತರ ಬಂದ ದೊಡ್ಡ ಭಂಡಾರಗಳಲ್ಲಿ ಈ ಎಚ್ಚರ ಸಡಿಲವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2017ರಲ್ಲಿ 30,805 ರೋಗಿಗಳ 1,12,120 ಎದೆಯ ಚಿತ್ರಗಳನ್ನು ಎಲ್ಲರಿಗೂ ಮುಕ್ತಗೊಳಿಸಿದವು. ಇದು ದೊಡ್ಡ ಉಪಕಾರ. ಜಗತ್ತಿನ ಎಷ್ಟೋ ವಿದ್ಯಾರ್ಥಿಗಳು ಅದರ ಮೇಲೆ ಕೆಲಸ ಕಲಿತರು. ಆದರೆ ಆ ಚಿತ್ರಗಳು 1024 ಪಿಕ್ಸೆಲ್ ಚೌಕಕ್ಕೆ, 8 ಬಿಟ್‌ಗೆ ಇಳಿದಿದ್ದವು. ಹಣೆಪಟ್ಟಿಗಳನ್ನು ವೈದ್ಯರು ಚಿತ್ರ ನೋಡಿ ಬರೆದಿರಲಿಲ್ಲ. ಹಳೆಯ ವರದಿಗಳ ಪದಗಳಿಂದ ಗಣಕ ಹೆಕ್ಕಿಕೊಂಡಿತ್ತು. ಆಸ್ಟ್ರೇಲಿಯಾದ ವಿಕಿರಣ ತಜ್ಞ ಲ್ಯೂಕ್ ಓಕ್ಡೆನ್-ರೇನರ್ ಅದೇ ವರ್ಷ ಚಿತ್ರಗಳನ್ನು ಸ್ವತಃ ನೋಡುತ್ತ ಹೋದಾಗ ಚಿತ್ರಕ್ಕೂ ಪಟ್ಟಿಗೂ ಹೊಂದದ ಪ್ರಕರಣಗಳು ಧಾರಾಳವಾಗಿ ಸಿಕ್ಕವು. ಶ್ವಾಸಕೋಶದ ಸುತ್ತ ಗಾಳಿ ಸೇರಿದೆ ಎಂಬ ಪಟ್ಟಿಯಿದ್ದ ಅನೇಕ ಚಿತ್ರಗಳಲ್ಲಿ ಆ ಗಾಳಿ ತೆಗೆಯಲು ಹಾಕಿದ ನಳಿಕೆಯೂ ಇತ್ತು. ಅಂದರೆ ಇಂತಹ ಚಿತ್ರಗಳಿಂದ ಕಲಿಯುವ ಗಣಕ, ರೋಗವನ್ನಲ್ಲ, ಆಗಲೇ ನಡೆದ ಚಿಕಿತ್ಸೆಯನ್ನು ಗುರುತಿಸಲು ಕಲಿಯಬಹುದು. ಚಿಕಿತ್ಸೆ ಸಿಗದೆ ಬಂದ ರೋಗಿಯ ಮುಂದೆ ಅದು ಸೋಲುತ್ತದೆ.

ಇನ್ನೊಂದು ಬಿರುಕು 2018ರಲ್ಲಿ ಬಯಲಾಯಿತು. ಜೆಕ್ ಮತ್ತು ಸಂಗಡಿಗರು ಅಮೆರಿಕದ ಮೂರು ಆಸ್ಪತ್ರೆ ವ್ಯವಸ್ಥೆಗಳ ಚಿತ್ರಗಳಿಂದ ನ್ಯುಮೋನಿಯಾ ಗುರುತಿಸಲು ಜಾಲಗಳಿಗೆ ತರಬೇತಿ ಕೊಟ್ಟರು. ಚಿತ್ರ ಯಾವ ಆಸ್ಪತ್ರೆಯದೆಂಬುದನ್ನು ಇಂತಹ ಜಾಲ ನೂರಕ್ಕೆ 99ಕ್ಕೂ ಹೆಚ್ಚು ಸಲ ಹೇಳಬಲ್ಲದಾಗಿತ್ತು. ಒಂದು ಆಸ್ಪತ್ರೆಯ ಚಿತ್ರಗಳಲ್ಲಿ ನ್ಯುಮೋನಿಯಾದ ಪ್ರಮಾಣ ನೂರಕ್ಕೆ 34.2, ಇನ್ನೊಂದರಲ್ಲಿ 1.2. ಎಲ್ಲವನ್ನೂ ಬೆರೆಸಿದಾಗ ಆಸ್ಪತ್ರೆಯನ್ನು ಗುರುತಿಸಿದರೇ ಸಾಕು, ಅರ್ಧ ಉತ್ತರ ಸಿಕ್ಕಂತೆ! ಪ್ರಶ್ನೆಪತ್ರಿಕೆ ಓದದೆ ಪರೀಕ್ಷಾ ಕೇಂದ್ರದ ಹೆಸರು ನೋಡಿ ಉತ್ತರ ಬರೆಯುವ ವಿದ್ಯಾರ್ಥಿಯಂತೆ. ಬೇರೆ ಬೇರೆ ಕಡೆಯ ಚಿತ್ರಗಳನ್ನು ರಾಶಿ ಹಾಕುವವರು ಯಂತ್ರ, ಕಿಲೋವೋಲ್ಟ್, ಸ್ಥಳ ಇವನ್ನು ತಲೆಬರಹದಲ್ಲಿ ಉಳಿಸಿಕೊಂಡಿದ್ದರೆ ಇಂತಹ ಮೋಸವನ್ನು ಪತ್ತೆಹಚ್ಚಬಹುದು. ಅಳಿಸಿದ್ದರೆ ಮೋಸ ಉಳಿಯುತ್ತದೆ, ಪುರಾವೆ ಅಳಿಯುತ್ತದೆ.

ಕಳಿಸಿದ್ದು ಮತ್ತು ಉಳಿಸಿದ್ದು

ನಮ್ಮ ಜಿಲ್ಲೆಗೆ ದೂರವೈದ್ಯ ಹೊಸತೇನಲ್ಲ. ಇಸ್ರೋ ನೆರವಿನ ಕರ್ನಾಟಕ ದೂರವೈದ್ಯ ಯೋಜನೆ 2002ರಲ್ಲಿ ಆರಂಭವಾದಾಗ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಉಪಗ್ರಹದ ಮೂಲಕ ಜೋಡಿಸಿದ್ದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು. ದೂರದ ತಜ್ಞರ ಸಲಹೆ ರೋಗಿಯ ಬಳಿಗೆ ಬರಬೇಕೆಂಬ ಅದರ ಗುರಿ ದೊಡ್ಡದು. ಆದರೆ ಚಿತ್ರ ಕಳಿಸುವುದೂ ಚಿತ್ರ ಉಳಿಸುವುದೂ ಎರಡು ಪ್ರತ್ಯೇಕ ಕೆಲಸಗಳು. ಕಳಿಸುವುದಕ್ಕೆ ವೇಗ ಮುಖ್ಯ; ಉಳಿಸುವುದಕ್ಕೆ ಪೂರ್ಣತೆ ಮುಖ್ಯ.

ಈ ವ್ಯತ್ಯಾಸ ಮತ್ತಷ್ಟು ಸ್ಪಷ್ಟವಾಗಿ ಕಂಡದ್ದು 2021ರ ಎಕ್ಸ್‌ರೇಸೇತು ಯೋಜನೆಯಲ್ಲಿ. ಕೋವಿಡ್ ಎರಡನೆಯ ಅಲೆಯ ಸಂಕಟದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದ ಆರ್ಟ್‌ಪಾರ್ಕ್ ಮತ್ತು ಬೆಂಗಳೂರಿನ ನಿರಾಮೈ ಸಂಸ್ಥೆಗಳು ಇದನ್ನು ರೂಪಿಸಿದವು. ಹಳ್ಳಿಯ ವೈದ್ಯರು ಎಕ್ಸ್-ರೇ ಚಿತ್ರವನ್ನು ಫೋನಿನಲ್ಲಿ ಸೆರೆಹಿಡಿದು ವಾಟ್ಸ್‌ಆ್ಯಪ್ ಮೂಲಕ ಕಳಿಸಿದರೆ ಕೆಲವೇ ನಿಮಿಷಗಳಲ್ಲಿ ಗಣಕದ ವರದಿ ಬರುತ್ತಿತ್ತು. ವಿಕಿರಣ ತಜ್ಞರೇ ಇಲ್ಲದ ಊರುಗಳಿಗೆ ಅಂದು ಇದಕ್ಕಿಂತ ಸರಳವಾದ ದಾರಿ ಕಾಣದು. ಆ ಹೊತ್ತಿನ ಆ ಕೆಲಸಕ್ಕೆ ಗೌರವ ಸಲ್ಲಲೇಬೇಕು.

ಆದರೂ ವಿಮರ್ಶಕ ಎರಡು ಲೆಕ್ಕಗಳನ್ನು ಮಾಡಬೇಕು. ಮೊದಲನೆಯದು ಭೌತವಿಜ್ಞಾನದ್ದು. ವಾಟ್ಸ್‌ಆ್ಯಪ್‌ನಂತಹ ಸಂದೇಶ ಸೇವೆಯಲ್ಲಿ ಹೋಗುವ ಚಿತ್ರದ ಉದ್ದದ ಬದಿ 1600 ಪಿಕ್ಸೆಲ್‌ಗೆ ಇಳಿಯಿತೆನ್ನಿ. ಆಗ ಒಂದು ಪಿಕ್ಸೆಲ್ 0.27 ಮಿ.ಮೀ. ಜೆಪೆಗ್ ವಿಧಾನ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ಸಣ್ಣ ಏರಿಳಿತಗಳನ್ನು ಒರೆಸುತ್ತದೆ. ಚೌಕದ ಬದಿ 2.15 ಮಿ.ಮೀ.; ಸಿಲಿಕೋಸಿಸ್‌ನ ಸಣ್ಣ ಚುಕ್ಕೆಗಿಂತ ದೊಡ್ಡದು. ಫಿಲ್ಮಿನ ಹಿಂದಿನ ಬೆಳಕು ಸಮನಾಗಿರದಿದ್ದರೆ, ಫೋನು ಓರೆಯಾಗಿದ್ದರೆ ಇನ್ನಷ್ಟು ದೋಷ. ತಲೆಬರಹವಂತೂ ಇಲ್ಲವೇ ಇಲ್ಲ. ಇಂತಹ ಚಿತ್ರ ತುರ್ತು ಸಲಹೆಗೆ ಆದೀತು. ಸಂಶೋಧನೆಯ ಭಂಡಾರಕ್ಕೆ ಆಗದು.

ಎರಡನೆಯದು ಸಂಭಾವ್ಯತೆಯ ಲೆಕ್ಕ. ಸರ್ಕಾರದ ಪ್ರಕಟಣೆಯ ಪ್ರಕಾರ ಎಕ್ಸ್‌ರೇಸೇತುವಿನ ಸಂವೇದಿತ್ವ ನೂರಕ್ಕೆ 98.86, ನಿರ್ದಿಷ್ಟತೆ ನೂರಕ್ಕೆ 74.74. ಮೊದಲ ಸಂಖ್ಯೆ ಕಣ್ಣು ಕುಕ್ಕುತ್ತದೆ. ಎರಡನೆಯದನ್ನು ಬಹಳ ಮಂದಿ ಓದುವುದಿಲ್ಲ. ಸಾವಿರ ಜನರಲ್ಲಿ ನೂರು ಮಂದಿಗೆ ರೋಗವಿದೆ ಎನ್ನೋಣ. 99 ಮಂದಿ ಸಿಕ್ಕಿಬೀಳುತ್ತಾರೆ. ರೋಗವಿಲ್ಲದ 900 ಮಂದಿಯಲ್ಲಿ 227 ಮಂದಿಗೂ "ರೋಗವಿದೆ" ಎಂಬ ಉತ್ತರ ಬರುತ್ತದೆ. ಹೌದೆಂದ ಮೂವರಲ್ಲಿ ಒಬ್ಬರಿಗೂ ರೋಗವಿಲ್ಲ ಎಂದಾಯಿತು! ಸಾವಿರದಲ್ಲಿ ಇಪ್ಪತ್ತೇ ಮಂದಿಗೆ ರೋಗವಿದ್ದರೆ 20 ಸರಿ ಉತ್ತರಗಳಿಗೆ 248 ತಪ್ಪು ಉತ್ತರಗಳು. ಹೌದೆಂದ ನೂರರಲ್ಲಿ ನಿಜವಾದ ರೋಗಿಗಳು ಏಳೆಂಟು. ಉಪಕರಣ ಬದಲಾಗಿಲ್ಲ, ಬದಲಾದದ್ದು ಊರು. ಈ ಲೆಕ್ಕವನ್ನು ಪಿ.ಯು. ತರಗತಿಯಲ್ಲಿಯೇ ಕಪ್ಪುಹಲಗೆಯ ಮೇಲೆ ಮಾಡಿಸಬಹುದು, ಮಾಡಿಸಬೇಕು.

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಇಂತಹ "ಹೌದು"ಗಳನ್ನೇ ಹಣೆಪಟ್ಟಿಯಾಗಿ ಅಂಟಿಸಿ ಚಿತ್ರವನ್ನು ಭಂಡಾರಕ್ಕೆ ಸೇರಿಸಿದರೆ ಏನಾಗುತ್ತದೆ? ನಾಳೆಯ ಗಣಕ ಇಂದಿನ ಗಣಕದ ತಪ್ಪನ್ನೇ ಪಾಠವಾಗಿ ಓದುತ್ತದೆ. ಅಳತೆಗೋಲನ್ನು ಅದರಿಂದಲೇ ಅಳೆದ ವಸ್ತುವಿನಿಂದ ಪರೀಕ್ಷಿಸಿದ ಹಾಗೆ. ಕ್ಷಯದ ವಿಷಯದಲ್ಲಿ ಇದು ಬರೀ ತರ್ಕವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ವರ್ಷ ಮೀರಿದವರ ಎದೆಯ ಚಿತ್ರಗಳನ್ನು ತಪಾಸಣೆಯಲ್ಲಿ ಗಣಕದಿಂದ ಓದಿಸಬಹುದೆಂದು ಶಿಫಾರಸು ಮಾಡಿದೆ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಕ್ಸ್-ರೇ ಇರದೆ ಬರಿಯ ರೋಗಲಕ್ಷಣ ಕೇಳಿದ್ದರೆ ನೂರಕ್ಕೆ 42.6 ರೋಗಿಗಳು ತಪ್ಪಿಹೋಗುತ್ತಿದ್ದರು. ಆದ್ದರಿಂದ ಎಕ್ಸ್-ರೇ ಬೇಕೇ ಬೇಕು. ಆದರೆ ಅದೇ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಖಚಿತಪಟ್ಟ ಕ್ಷಯ ಲಕ್ಷಕ್ಕೆ 316. ಇಷ್ಟು ವಿರಳವಾದ ರೋಗದಲ್ಲಿ ಚಿತ್ರದ ಓದಿನ ಮುಂದೆ ಕಫ ಪರೀಕ್ಷೆಯ ಫಲಿತಾಂಶವನ್ನೂ ಜೋಡಿಸದಿದ್ದರೆ ಭಂಡಾರದ "ಕ್ಷಯ" ಎಂಬ ಕಪಾಟಿನಲ್ಲಿ ಕ್ಷಯಕ್ಕಿಂತ ಬೇರೆಯದೇ ಹೆಚ್ಚು ತುಂಬಿರುತ್ತದೆ.

ಪಣಕ್ಕಿಟ್ಟದ್ದು ಏನೆಂದು ನೋಡಿ. ಕ್ವಾರಿಯಲ್ಲಿ ದುಡಿದವನ ಶ್ವಾಸಕೋಶದ ಮೇಲ್ಭಾಗದ ನೆರಳು ಕ್ಷಯದ್ದೂ ಆಗಬಹುದು, ಸಿಲಿಕೋಸಿಸ್‌ನದ್ದೂ ಆಗಬಹುದು, ಎರಡೂ ಕೂಡಿರಬಹುದು. ಕ್ಷಯವೆಂದು ತಪ್ಪಾಗಿ ಓದಿದರೆ ಬೇಡದ ಆರು ತಿಂಗಳ ಮಾತ್ರೆ. ಸಿಲಿಕೋಸಿಸ್ ಎಂದಷ್ಟೇ ಓದಿದರೆ ಮನೆಮಂದಿಗೆಲ್ಲ ಹರಡಬಲ್ಲ ರೋಗ ಉಳಿದುಬಿಡುತ್ತದೆ. ಸಿಲಿಕೋಸಿಸ್ ಕಾನೂನಿನಂತೆ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗ, ಪರಿಹಾರಕ್ಕೂ ಅವಕಾಶವಿದೆ. ಐದು ವರ್ಷದ ಹಿಂದಿನ ಚಿತ್ರ ಪಕ್ಕದಲ್ಲಿದ್ದರೆ ವೈದ್ಯರಿಗೆ ದಾರಿ ಸುಲಭ, ಕಾರ್ಮಿಕನಿಗೆ ಅದು ಸಾಕ್ಷಿ. ಆ ಚಿತ್ರ ಯಾರದೋ ಫೋನಿನಲ್ಲಿ, ಅಳಿಸಿಹೋದ ಸಂದೇಶಗಳ ನಡುವೆ ಇದ್ದರೆ ಎರಡೂ ಇಲ್ಲ.

ಹೆಸರು ತೆಗೆದರೆ ಸಾಕೆ?

ಸಂಶೋಧನೆಗೆ ಚಿತ್ರ ಕೊಡುವಾಗ ರೋಗಿಯ ಗುರುತು ಬಿಟ್ಟುಕೊಡಬಾರದು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆಸರನ್ನೂ ಸಂಖ್ಯೆಯನ್ನೂ ಅಳಿಸಿದರೆ ಬಹುಮಟ್ಟಿಗೆ ಆಯಿತು. ಸಣ್ಣ ಊರಿನಲ್ಲಿ ಹಾಗಲ್ಲ. "ಗೋಪಿನಾಥಂ, ಹೆಂಗಸು, 62 ವರ್ಷ, ಹಿಂದೆ ಕಲ್ಲು ಕೆಲಸ" ಎಂದು ಬರೆದರೆ ಹೆಸರಿನ ಅಗತ್ಯವೇ ಇಲ್ಲ. ಊರವರಿಗೆಲ್ಲ ಯಾರೆಂದು ತಿಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ಹೆಸರು ಚಿತ್ರದ ಮೂಲೆಯಲ್ಲೇ ಅಚ್ಚಾಗಿರುತ್ತದೆ. ತಲೆಬರಹ ಅಳಿಸಿದರೂ ಅದು ಉಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಅಳಿಸಿದರೆ ಸಂಶೋಧನೆಗೆ ಏನೂ ಉಳಿಯದು. ಮಧ್ಯದ ದಾರಿಗಳಿವೆ. 2019ರಲ್ಲಿ 3,77,110 ಚಿತ್ರಗಳನ್ನು ಬಿಡುಗಡೆ ಮಾಡಿದ ಮಿಮಿಕ್ ಭಂಡಾರದಲ್ಲಿ ಒಬ್ಬೊಬ್ಬ ರೋಗಿಯ ಎಲ್ಲ ದಿನಾಂಕಗಳನ್ನೂ ಒಂದೇ ಪ್ರಮಾಣದಲ್ಲಿ ಸರಿಸಲಾಗಿದೆ. ನಿಜವಾದ ದಿನ ತಿಳಿಯದು, ಎರಡು ಚಿತ್ರಗಳ ನಡುವಿನ ಅಂತರ ಮಾತ್ರ ಸರಿಯಾಗಿ ಉಳಿಯುತ್ತದೆ. ಊರಿನ ಬದಲು ಜಿಲ್ಲೆ, ವಯಸ್ಸಿನ ಬದಲು ಐದು ವರ್ಷಗಳ ಗುಂಪು ಬರೆಯಬಹುದು. ನಿಜವಾದ ಗುರುತಿಗೂ ಸಂಶೋಧನೆಯ ಗುರುತಿಗೂ ಇರುವ ಕೀಲಿಯನ್ನು ಚಿತ್ರ ತೆಗೆದ ಆಸ್ಪತ್ರೆಯೇ ಇಟ್ಟುಕೊಳ್ಳಬೇಕು. ಕೀಲಿಯನ್ನು ನಾಶಮಾಡಿಬಿಡುವುದು ಸುರಕ್ಷಿತವೆಂದು ಕೆಲವರು ವಾದಿಸುತ್ತಾರೆ. ಆದರೆ ಆಗ ಮರುಓದಿನಲ್ಲಿ ಒಬ್ಬ ರೋಗಿಯ ಗಡ್ಡೆ ಪತ್ತೆಯಾದರೂ ಅವನಿಗೆ ತಿಳಿಸಲು ದಾರಿಯೇ ಇಲ್ಲ. ಚಿತ್ರ ಕೊಟ್ಟವನಿಗೆ ಏನನ್ನೂ ಹಿಂದಿರುಗಿಸದ ಭಂಡಾರ ನ್ಯಾಯವಾದದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ವ್ಯಕ್ತಿಯ ಬಗ್ಗೆ ನಿರ್ದಿಷ್ಟ ನಿರ್ಧಾರ ಕೈಗೊಳ್ಳದ ಸಂಶೋಧನೆಗೆ ಮಾನಕಗಳ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಕಾನೂನಿನದು. ರೋಗಿಗೆ ಅವನ ಭಾಷೆಯಲ್ಲಿ, ಗೋಪಿನಾಥಂನಲ್ಲಾದರೆ ಕನ್ನಡದಲ್ಲೋ ತಮಿಳಿನಲ್ಲೋ, ತಿಳಿಸಿ ಹೇಳುವ ಕರ್ತವ್ಯಕ್ಕೆ ವಿನಾಯಿತಿಯಿಲ್ಲ.

ಆಗಬೇಕಾದದ್ದು

ಮೇಲಿನ ವಿಮರ್ಶೆಯಿಂದ ಕೆಲವು ಬೇಡಿಕೆಗಳು ತಾವಾಗಿಯೇ ಹೊರಡುತ್ತವೆ. ಒಂದು, ಯಂತ್ರ ಕೊಟ್ಟ ಮೂಲ ಡೈಕಾಮ್ ಕಡತವನ್ನು ಚಿಕ್ಕದು ಮಾಡದೆ ಉಳಿಸಬೇಕು. ಕಳಿಸಲು ಬೇಕಾದರೆ ಚಿಕ್ಕ ಪ್ರತಿ ಮಾಡಿಕೊಳ್ಳಬಹುದು. ಎರಡು, ಹಣೆಪಟ್ಟಿಯ ಜೊತೆಗೆ ಅದನ್ನು ಬರೆದದ್ದು ವೈದ್ಯರೊ ಗಣಕವೊ, ಎಷ್ಟು ಮಂದಿ ಓದಿದರು, ಎಲ್ಲಿ ಭಿನ್ನಮತ ಬಂತು, ಕಫ ಪರೀಕ್ಷೆ ಏನು ಹೇಳಿತು ಎಂಬುದೂ ಇರಬೇಕು. ಭಿನ್ನಮತವನ್ನು ಅಳಿಸಿ ಒಂದೇ ಉತ್ತರ ಬರೆಯುವುದು ದತ್ತಾಂಶದ ನಷ್ಟ. ಮೂರು, ಯಾವುದೇ ತಂತ್ರಾಂಶವನ್ನು ಜಿಲ್ಲೆಗೆ ತರುವ ಮೊದಲು ಆ ಜಿಲ್ಲೆಯದೇ ಚಿತ್ರಗಳ ಮೇಲೆ, ತರಬೇತಿಯಲ್ಲಿ ಬಳಸದ ಚಿತ್ರಗಳ ಮೇಲೆ, ಪರೀಕ್ಷಿಸಿ ಎರಡೂ ಸಂಖ್ಯೆಗಳನ್ನು ಪ್ರಕಟಿಸಬೇಕು. ನಾಲ್ಕು, ಗಡಿಯ ಎರಡೂ ಕಡೆಯ ಆಸ್ಪತ್ರೆಗಳು ಒಂದೇ ಗುರುತು ಸಂಖ್ಯೆಯನ್ನು ಯಂತ್ರದ ತಲೆಬರಹದಲ್ಲಿ ಬರೆಯಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಅರುವತ್ತು ವರ್ಷಗಳ ಹಿಂದೆ ಹಳ್ಳಿಹಳ್ಳಿ ಸುತ್ತಿದ ತಂಡದವರ ಬಳಿ ಗಣಕವಿರಲಿಲ್ಲ; ಇಬ್ಬರು ಓದಬೇಕು, ಬೇರೆ ಬೇರೆಯಾಗಿ ಓದಬೇಕು ಎಂಬ ಶಿಸ್ತು ಇತ್ತು. ನಮ್ಮ ಬಳಿ ಗಣಕವಿದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆ. ಮುಕ್ತವಾಗಿ ಸಿಗುವ ಎದೆಯ ಚಿತ್ರವೊಂದನ್ನು ತೆಗೆದುಕೊಂಡು ವಿದ್ಯಾರ್ಥಿಗಳಿಂದ ಅದನ್ನು 1024, 512, 224 ಪಿಕ್ಸೆಲ್‌ಗಳಿಗೆ ಇಳಿಸಿಸಿ, ಪಕ್ಕಪಕ್ಕದಲ್ಲಿಟ್ಟು ನೋಡಲು ಹೇಳಿ. ಯಾವ ಹಂತದಲ್ಲಿ ಪಕ್ಕೆಲುಬಿನ ಅಂಚು ಮಸುಕಾಯಿತು, ಯಾವ ಹಂತದಲ್ಲಿ ರಕ್ತನಾಳದ ಕವಲು ಮಾಯವಾಯಿತು ಎಂದು ಬರೆಸಿ. ಇಬ್ಬಿಬ್ಬರು ಸ್ವತಂತ್ರವಾಗಿ ಬರೆಯಲಿ, ಆಮೇಲೆ ಹೋಲಿಸಲಿ. ಇಬ್ಬರ ಉತ್ತರ ಎಷ್ಟು ಕಡೆ ಹೊಂದಲಿಲ್ಲ ಎಂಬ ಸಂಖ್ಯೆಯನ್ನು ತರಗತಿಯ ಹಲಗೆಯ ಮೇಲೆ ಬರೆದಿಡಿ. ದೊಡ್ಡ ಭಂಡಾರಗಳ ಬಗ್ಗೆ ಮುಂದೆ ಏನೇ ಓದಿದರೂ ಆ ಮಕ್ಕಳು ಮೊದಲು ಆ ಸಂಖ್ಯೆಯನ್ನು ಕೇಳುತ್ತಾರೆ.